ಕೋಣನ ಎದೆಯ ಬಾಗಿಲು

ಕಂಬಳದ ಕೋಣ ಕೊಂಬಣ್ಣ ಮರುದಿನದ ಓಟಕ್ಕೆ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಹಟ್ಟಿಯಲ್ಲಿ ನಿಂತಿದ್ದ. ಸೂರಿನಲ್ಲಿ ವಾಸವಾಗಿದ್ದ ಬಾವಲಿ ಕೆಳಗಿಳಿದು, ಅವನ ಎದೆಯತ್ತ ಸಣ್ಣಗೆ ಕೂಗಿ, ತಿರುಗಿ ಬಂದ ದನಿಯನ್ನು ಆಲಿಸಿತು.

“ಕೊಂಬಣ್ಣ, ನಿನ್ನ ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಮುಂದೆ ಹೋದ ರಕ್ತ ಹಿಂದಕ್ಕೆ ಸೋರಿ, ಒಳಗಿನ ಕೋಣೆ ಹಿಗ್ಗುತ್ತಿದೆ. ನಾಳೆ ಓಡಬೇಡ.”

“ಹಿಗ್ಗಲಿ ಬಿಡು! ಓಟಗಾರನ ಹೃದಯ ದೊಡ್ಡದೇ ಇರಬೇಕು.”

“ಇದು ಬಲದಿಂದ ಬೆಳೆದದ್ದಲ್ಲ, ಭಾರಕ್ಕೆ ಜಗ್ಗಿದ್ದು. ಹೋದ ಹುಣ್ಣಿಮೆಗೆ ಇಷ್ಟಿರಲಿಲ್ಲ.”

“ನನಗೆ ನೋವಿಲ್ಲ, ಏದುಸಿರಿಲ್ಲ. ನೋವು ಬಂದ ದಿನ ನಿಲ್ಲುತ್ತೇನೆ,” ಎಂದು ಕೊಂಬಣ್ಣ ಸಿಟ್ಟಿನಿಂದ ಕೊಂಬು ಬೀಸಿದ.

ಬಾವಲಿ ತಪ್ಪಿಸಿಕೊಂಡು ಹಾರಿತು. ಕವಿಯುತ್ತಿದ್ದ ಕತ್ತಲಲ್ಲಿ ನೊಗ, ಹಗ್ಗ, ಕಂಬ ಯಾವುದಕ್ಕೂ ತಾಗದೆ ಹಟ್ಟಿಯನ್ನು ಒಂದು ಸುತ್ತು ಹಾಕಿ ಬಂತು.

ಕೊಂಬಣ್ಣನಿಗೆ ಬೆರಗಾಯಿತು. “ಕಂಬ ಎಲ್ಲಿದೆಯೆಂದು ನಿನಗೆ ಹೇಗೆ ತಿಳಿಯಿತು?”

“ಮೊದಲೇ ಕೂಗಿ, ತಿರುಗಿ ಬಂದ ದನಿ ಕೇಳಿಸಿಕೊಂಡೆ. ಹಣೆ ಒಡೆದುಕೊಂಡು ತಿಳಿಯುವ ಅಭ್ಯಾಸ ನನಗಿಲ್ಲ.”

ಬೆಳಗ್ಗೆ ಯಜಮಾನ ಓಟದ ನೊಗ ತಂದಾಗ ಕೊಂಬಣ್ಣ ಕತ್ತು ಬಗ್ಗಿಸಲಿಲ್ಲ.