ಕುದ್ರುವಿನ ಮುಂದಾಳು

ನದಿ ಕಡಲು ಸೇರುವಲ್ಲಿ ಒಂದು ಕುದ್ರು. ನಾಲ್ಕೂ ಕಡೆ ನೀರು, ನೀರಿನಂಚಿಗೆ ಉಪ್ಪುನೀರಿನ ಕೆಸರಲ್ಲೇ ಬೇರೂರಿ ಬೆಳೆಯುವ ಕಾಂಡ್ಲ ಗಿಡಗಳ ಕಾಡು.

ತಲೆತಲಾಂತರದಿಂದ ಅಲ್ಲೇ ಬದುಕಿದ ಜನರಿಗೆ ಹೊನ್ನಜ್ಜಿ ಹಿರಿಯಳು. ಯಾವ ಗಿಡ ಎಲ್ಲಿ ಬೇರು ಬಿಡುತ್ತದೆ, ಯಾವ ತಿಂಗಳು ಬಲೆ ಬೀಸಬಾರದು ಎಂದು ಹೇಳುವವಳು ಅವಳೇ.

ಸೋಮಿ ಅವಳ ಶಿಷ್ಯೆ. ಕಲಿಯುವ ಆಸೆ ಬೆಟ್ಟದಷ್ಟು, ತಾಳ್ಮೆ ಮಾತ್ರ ಸಾಸಿವೆಯಷ್ಟು.

ಆ ವರ್ಷ ಕಡಲು ಉಕ್ಕಿತು. ಕಾಂಡ್ಲ ತೆಳುವಾಗಿದ್ದ ಕಡೆಯಿಂದ ಉಪ್ಪುನೀರು ಗದ್ದೆಗೆ ನುಗ್ಗಿತು. ಇರುವ ಕಾಡನ್ನೂ ಕಡಿದು ಸುತ್ತ ಕಲ್ಲಿನ ಗೋಡೆ ಕಟ್ಟಲು ಅಧಿಕಾರಿಗಳು ಬರುತ್ತಾರೆಂದು ಸುದ್ದಿಯಾಯಿತು.

ಕಾಡು ಹೋದರೆ ಮೀನು ಮರಿ ಮಾಡಲು ಜಾಗವಿಲ್ಲ. ಮೀನಿಲ್ಲದಿದ್ದರೆ ಕುದ್ರುವಿನಲ್ಲಿ ಒಲೆ ಉರಿಯುವುದಿಲ್ಲ.

"ಅಜ್ಜೀ, ಅವರ ಮುಂದೆ ಏನು ಹೇಳುತ್ತೀ?" ಎಂದಳು ಸೋಮಿ.

"ಮೊದಲು ಎಳನೀರು ಕೊಡೋಣ. ಬಿಸಿಲಲ್ಲಿ ಬರುತ್ತಾರೆ, ಪಾಪ."

ಅವರು ಬಂದರು. ಚಪ್ಪರದಡಿ ಕೂತು ಎಳನೀರು ಕುಡಿದು, ನಕ್ಷೆ ಹರಡಿ, ಇಲ್ಲಿಯ ಮುಂದಾಳು ಯಾರೆಂದು ಕೇಳಿದರು.

ಎಲ್ಲರೂ ಹೊನ್ನಜ್ಜಿಯತ್ತ ನೋಡಿದರು.

ಅಜ್ಜಿ ಎದ್ದಳು. ಸೀರೆ ಮೇಲೆತ್ತಿ ಕಟ್ಟಿದಳು. ಕಾಂಡ್ಲ ಸಸಿಗಳ ಬುಟ್ಟಿ ಹೊತ್ತು, ಅವರಿಗೆ ಬೆನ್ನು ಮಾಡಿ, ಸೀದಾ ಕೆಸರಿಗೆ ಇಳಿದೇಬಿಟ್ಟಳು.

ಸೋಮಿಗೆ ಭೂಮಿ ಬಾಯ್ತೆರೆದರೆ ಸಾಕೆನಿಸಿತು.

ಆದರೆ ಒಬ್ಬರ ಹಿಂದೊಬ್ಬರು ಎದ್ದು ಅಜ್ಜಿಯ ಹಿಂದೆ ಹೋದರು. ಗಂಡಸರು, ಹೆಂಗಸರು, ಸೊಂಟ ನೋಯುವ ಮುದುಕರೂ. ಸ್ವಲ್ಪ ಹೊತ್ತಿಗೆ ಚಪ್ಪರದಡಿ ಉಳಿದವರು ಅಧಿಕಾರಿಗಳು ಮಾತ್ರ.

ಅವರಲ್ಲಿ ಹಿರಿಯನು ಅತ್ತಿತ್ತ ನೋಡಿದ. ಬೂಟು ಕಳಚಿದ. ಪ್ಯಾಂಟು ಮಡಚಿ ತಾನೂ ಇಳಿದ. ಎರಡನೆಯ ಹೆಜ್ಜೆಗೇ ಮೊಣಕಾಲವರೆಗೆ ಹೂತುಹೋದ. ಹೆಂಗಸರು ನಕ್ಕರು. ಅವನೂ ನಕ್ಕ. ಯಾರೋ ಕೈಹಿಡಿದು ಎಳೆದು, ಕೈಗೊಂದು ಸಸಿ ಕೊಟ್ಟರು.

ನೆಡುತ್ತಿರುವಾಗಲೇ ಕಡಲಿನ ಭರತ ಏರಿತು. ಹಳೆಯ ಕಾಂಡ್ಲದ ಬೇರುಗಳೊಳಗೆ ಹೊಕ್ಕ ಅಲೆ ಮೆತ್ತಗಾಗಿ ಅವನ ಕಾಲು ತೊಳೆಯಿತು. ಪಕ್ಕದ ಬೋಳು ಜಾಗದಲ್ಲಿ ಅದೇ ಅಲೆ ದಡವನ್ನು ಕೊರೆಯುತ್ತಿತ್ತು. ಅವನು ಬಹಳ ಹೊತ್ತು ಎರಡನ್ನೂ ನೋಡುತ್ತ ನಿಂತ.

ದೋಣಿ ಹತ್ತುವ ಮೊದಲು, ಗೋಡೆ ಬೇಡವೆಂದೇ ಬರೆಯುತ್ತೇನೆ ಎಂದ. ಎಲ್ಲಿ ನೆಡಬೇಕೆಂದು ನೀವೇ ತೋರಿಸಬೇಕು, ನಾವು ಆಳು ಕರೆತರುತ್ತೇವೆ ಎಂದ.

ಕುದ್ರುವಿಗೆ ಕುದ್ರುವೇ ಹಿಗ್ಗಿತು. ಸೋಮಿ ಮಾತ್ರ ಕಾಲಿನ ಕೆಸರು ತೊಳೆಯುತ್ತ ಮುಖ ಊದಿಸಿಕೊಂಡಿದ್ದಳು.

"ಎಲ್ಲ ಒಳ್ಳೆಯದೇ ಆಯ್ತು, ಅಜ್ಜೀ. ಆದರೂ ಮುಂದಾಳು ಯಾರು ಅಂತ ಕೇಳಿದಾಗ ನೀನು ಬೆನ್ನು ತೋರಿಸಿದೆಯಲ್ಲ?"

ಹೊನ್ನಜ್ಜಿ ಬಾಯಿತುಂಬ ನಕ್ಕಳು.

"ಮುಂದೆ ನಡೆಯುವವಳು ಹಿಂದೆ ಬರುವವರಿಗೆ ಇನ್ನೇನು ತೋರಿಸಬೇಕಿತ್ತು, ಮಗಾ?"