ಹುಲಿಗೆಪ್ಪನ ಸೊಲ್ಲು

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಅಡವಯ್ಯ ಎಂಬ ವಯಸ್ಸಾದ ಗುರುಗಳಿದ್ದರು. ಸುತ್ತಲಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಶಿಷ್ಯ ಪಂಪಣ್ಣ. ಆಶ್ರಮ ಸೇರುವ ಮೊದಲು ರೇಡಿಯೊ, ಟೀವಿ ರಿಪೇರಿ ಮಾಡಿಕೊಂಡಿದ್ದವನು. ಈ ಕಥೆಯನ್ನು ನಮಗೆ ಹೇಳಿದವನೂ ಅವನೇ. ಹೇಳುವಾಗ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ, ಮತ್ತೆ ನಗುತ್ತಿದ್ದ.

ಆಶ್ರಮದಿಂದ ಹೊಳೆಗೆ ಇಳಿಯಲು ಎಂಬತ್ತು ಮೆಟ್ಟಿಲು. ಕೆಳಗಿನ ಮನೆಯಲ್ಲಿ ಹುಲಿಗೆಪ್ಪ ಮತ್ತು ಅವನ ಹೆಂಡತಿ ದುರುಗವ್ವ. ಸೇತುವೆ ಆಗುವ ತನಕ ನಲವತ್ತು ವರ್ಷ ಹರಿಗೋಲು ಹಾಕಿ ಜನರನ್ನು ದಾಟಿಸಿದವನು ಹುಲಿಗೆಪ್ಪ.

ದಿನಾ ಸಂಜೆ ಅವನು ಮೇಲೆ ಬಂದು ಭಜನೆಯಲ್ಲಿ ಕೂರುತ್ತಿದ್ದ. ಪ್ರತಿ ಭಜನೆಪದದ ಕೊನೆಯ ಸೊಲ್ಲು, ಆ ಕೊನೆಯ ಸಾಲು, ಅವನದು. ಅವನು ಎತ್ತಿದರೆ ಉಳಿದವರು ಹಿಡಿದು ಹಾಡುವರು.

ಸೇತುವೆಯಾದ ಮರುವರ್ಷ ಅವನು ಜಾರಿ ಬಿದ್ದ. ಸೊಂಟದ ಎಲುಬು ಮುರಿಯಿತು. ಹಾಸಿಗೆಯಿಂದ ಅಲುಗಾಡಿಸಬೇಡಿ ಎಂದರು ಡಾಕ್ಟರು.

ಅಂದಿನಿಂದ ಭಜನೆಯಲ್ಲಿ ಕೊನೆಯ ಸೊಲ್ಲು ಯಾರೂ ಎತ್ತಲಿಲ್ಲ. ಅದೊಂದು ಬಿಟ್ಟು ಹಾಡಿ ಮುಗಿಸುತ್ತಿದ್ದರು.

ಪಂಪಣ್ಣ ಹೇಳಿದ, "ಅಜ್ಜಾರ, ಹುಲಿಗೆಪ್ಪ ಕಾಕಾ ಮ್ಯಾಲೆ ಬರದಿದ್ರ ಏನಾತ್ರಿ? ಭಜನೀನ ಕೆಳಗ ಕಳಸೋಣು."

ದಂಡೆಯ ಕೆಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಭಕ್ತರೊಬ್ಬರು ತಂದುಕೊಟ್ಟ ವೈಫೈ ಪೆಟ್ಟಿಗೆಯನ್ನು ಪಂಪಣ್ಣ ಮಾಳಿಗೆಯ ಮೇಲೆ ಹೊಳೆಯ ಕಡೆ ಮುಖ ಮಾಡಿ ಕಟ್ಟಿದ. ಬೆಳಗಿನ ಬಿಸಿಲಲ್ಲಿ ಅಲ್ಲೇ ಕೂತು ಫೋನಿನಲ್ಲಿ ಅದನ್ನು ಹೊಂದಿಸತೊಡಗಿದ. ಅಜ್ಜಾರು ಪಕ್ಕದಲ್ಲಿ ಕುಳಿತರು.

"ಮೊದಲ ಇದರ ಒಳಗ ಹೋಗಬೇಕ್ರಿ. ಪಾಸ್‌ವರ್ಡ್ ಕೇಳ್ತೈತಿ."

"ನಿನಗ ಗೊತ್ತೈತೇನು?"

"ಪೆಟ್ಟಿಗಿ ತಳದಾಗ ಬರದಾರ್ರಿ. ಇಂಥಾ ಎಲ್ಲಾ ಪೆಟ್ಟಿಗಿಗೂ ಇದೊಂದ."

"ಹಂಗಾದ್ರ ಅದು ಗುಟ್ಟು ಹೆಂಗಾತು?"

ಪಂಪಣ್ಣ ನಕ್ಕು ಅದನ್ನು ಬದಲಿಸಿದ. ಕಂಪನಿ ಇಟ್ಟ ಅಂಕಿಗಳ ಹೆಸರು ತೆಗೆದು 'ಹೊಳಿದಂಡಿ' ಎಂದು ಹೆಸರಿಟ್ಟ. ಸೇರಿಕೊಳ್ಳುವವರಿಗೆ ಇನ್ನೊಂದು ಪಾಸ್‌ವರ್ಡ್ ಕೊಟ್ಟ.

"ಈಗ ಏನ್ ಕೇಳ್ತೈತಿ?"

"ಸಿಗ್ನಲ್ ಎಷ್ಟು ಜೋರು ಇರ್ಲಿ ಅಂತ ಕೇಳ್ತೈತ್ರಿ. ಸಣ್ಣದು, ನಡುವಿಂದು, ದೊಡ್ಡದು."

"ನೀ ಏನಂದಿ?"

"ದೊಡ್ಡದು! ಕೆಳಗಿನ ಮಟಾ ಹೋಗಬೇಕಲ್ರಿ."



ಪಂಪಣ್ಣ ಓಡಿ ಇಳಿದ. ಆಶ್ರಮದ್ದೊಂದು ಫೋನನ್ನು ಹುಲಿಗೆಪ್ಪನ ತಲೆದಿಂಬಿನ ಪಕ್ಕ ಇಟ್ಟ. ವೈಫೈ ಸಿಗ್ನಲ್ಲಿನ ಗೆರೆ ಒಂದೂ ಬಿಡದೆ ತುಂಬಿತ್ತು. ಭಜನೆಯ ಹೊತ್ತಿಗೆ ಕರೆ ಬರುತ್ತದೆ, ತೆಗೆದು ಇಟ್ಟರೆ ಸಾಕು ಎಂದು ದುರುಗವ್ವನಿಗೆ ತೋರಿಸಿ, ಅದೇ ಓಟದಲ್ಲಿ ಮೇಲೆ ಬಂದ.

ಮೊದಲ ಸಂಜೆ ಭಜನೆ ಮುಗಿದ ಮೇಲೆ ಅಜ್ಜಾರು ಕೇಳಿದರು, "ಹುಲಿಗೆಪ್ಪ ಏನಂದ?"

"ಏನೂ ಅನ್ಲಿಲ್ರಿ. ಸಿಗ್ನಲ್ ಪೂರ್ತಿ ಐತ್ರಿ."

ಎರಡನೆಯ ಸಂಜೆಯೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಂಜೆಯೂ.

ನಾಲ್ಕನೆಯ ದಿನ ಬೆಳಿಗ್ಗೆ ದುರುಗವ್ವ ಮೆಟ್ಟಿಲು ಹತ್ತಿ ಬಂದಳು. ಸೆರಗಿನಲ್ಲಿ ಸುತ್ತಿದ್ದ ಫೋನನ್ನು ಅಜ್ಜಾರ ಮುಂದೆ ಇಟ್ಟಳು.

"ಇದು ಬ್ಯಾಡಂತ್ರಿ ಅವರಿಗೆ. ನಿನ್ನಿಯಿಂದ ರೊಟ್ಟೀನೂ ಮುಟ್ಟಿಲ್ಲ. ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾರ."

"ಗೆರಿ ಎಲ್ಲಾ ತುಂಬ್ಯಾವಲ್ಲ ದುರುಗವ್ವ!" ಎಂದ ಪಂಪಣ್ಣ.

ಅಜ್ಜಾರು ಕೋಲು ತೆಗೆದುಕೊಂಡು ಎದ್ದರು.

"ನಾ ಕೆಳಗ ಹೋಗ್ತೀನಿ. ನೀ ಇಲ್ಲೇ ಕಟ್ಟಿ ಮ್ಯಾಲೆ ನಿಂತು ಭಜನಿ ಮೈಕಿನಾಗ ಅವನ್ನ ಮಾತಾಡ್ಸು. ಯಾಕ ಉಣವಲ್ಲಿ ಅಂತ ಕೇಳು. ಅವ ಏನ್ ಹೇಳ್ತಾನ, ಬಂದು ನನಗ ಹೇಳು."

ಅಜ್ಜಾರು ದುರುಗವ್ವನ ಜೊತೆ ಒಂದೊಂದೇ ಮೆಟ್ಟಿಲು ಇಳಿದರು. ಅವರು ಮನೆಯೊಳಗೆ ಹೋದದ್ದನ್ನು ನೋಡಿ ಪಂಪಣ್ಣ ಮೈಕು ಹಿಡಿದ.

"ಹುಲಿಗೆಪ್ಪ ಕಾಕಾ! ಯಾಕ ಊಟಾ ಬಿಟ್ರಿ?"

ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರೂ ತಲೆಯೆತ್ತಿ ನೋಡಿದರು. ಪಂಪಣ್ಣ ಕಿವಿಗೊಟ್ಟ. ಗಾಳಿಯ ಸದ್ದು, ನೀರಿನ ಸದ್ದು. ಮತ್ತೆ ಕೂಗಿದ. ಮೂರನೆಯ ಸಲ ಇನ್ನೂ ಜೋರಾಗಿ ಕೂಗಿದ. ಆಮೇಲೆ ಮೈಕು ಇಟ್ಟು ಕೆಳಗೆ ಓಡಿದ.

"ಏನಂದ?" ಎಂದರು ಅಜ್ಜಾರು.

"ಏನೂ ಅನ್ಲಿಲ್ರಿ."

"ಮೂರು ಸಲಾನೂ ಹೇಳ್ಯಾನಲ್ಲೋ. ನಾ ಇಲ್ಲೇ ಕುಂತು ಕೇಳೀನಿ."

ಪಂಪಣ್ಣ ಹಾಸಿಗೆಯ ಪಕ್ಕ ಕುಕ್ಕರಿಸಿದ. "ಏನಂದ್ರಿ ಕಾಕಾ?"

ಹುಲಿಗೆಪ್ಪ ಗೋಡೆಯ ಕಡೆಯಿಂದ ಮುಖ ತಿರುಗಿಸಿದ.

"ತುಂಡ ತುಂಡ ಕೇಳಸ್ತಿತ್ತು ತಮ್ಮಾ, ಆದ್ರೂ ಕೇಳಸ್ತಿತ್ತು. ನನ್ನ ಸರದಿ ಬಂದಾಗ ಎತ್ತಿದೆ. ಮೂರು ದಿನಾನೂ ಎತ್ತಿದೆ. ಒಬ್ರೂ ಹಿಡೀಲಿಲ್ಲ. ಈ ಮುದುಕನ ದನಿ ಇನ್ನ ಬ್ಯಾಡಾತು ಅಂದ್ಕೊಂಡೆ."

ಪಂಪಣ್ಣನಿಗೆ ಆಗ ತಿಳಿಯಿತು. ಮಾಳಿಗೆಯ ಮೇಲಿನ ಪೆಟ್ಟಿಗೆಗೆ ದೊಡ್ಡ ದನಿ ಕೊಟ್ಟಿದ್ದ. ದಿಂಬಿನ ಪಕ್ಕದ ಫೋನಿಗೆ ಇದ್ದದ್ದು ಸಣ್ಣ ದನಿ. ತುಂಬಿದ ಗೆರೆಗಳು ಹೇಳಿದ್ದು ಇಷ್ಟೇ: ಮೇಲಿನದು ಕೆಳಗೆ ಬಂದು ಮುಟ್ಟಿದೆ. ಕೆಳಗಿನದು ಮೇಲೆ ಮುಟ್ಟಿತೇ ಎಂಬುದನ್ನು ಅವು ಹೇಳಿರಲೇ ಇಲ್ಲ. ಅವನೂ ಕೇಳಿರಲಿಲ್ಲ.

ರಿಪೇರಿ ಅಂಗಡಿಯಲ್ಲಿ ಹದಿನೈದು ವರ್ಷ ಕೂತವನು ನಾನು ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

ಅಜ್ಜಾರು ಹಾಸಿಗೆಯ ಅಂಚಿಗೆ ಸರಿದು ಕುಳಿತರು. ಅವರ ಮಾತು ಹುಲಿಗೆಪ್ಪನ ಕಡೆ ಇತ್ತು.

"ಹುಲಿಗೆಪ್ಪ, ನಾ ಈ ದಂಡಿಗೆ ಬಂದ ದಿನಾ ನೆನಪೈತೇನು ನಿನಗ?"

"ಯಾಕ ನೆನಪಿರಲ್ರಿ. ಹೊಳಿ ತುಂಬಿತ್ತು. ಆಚೆ ದಂಡಿ ಮ್ಯಾಲೆ ಕೈಯಾಗ ಒಂದು ಗಂಟು ಹಿಡಕೊಂಡು ನಿಂತಿದ್ರಿ. ಮೀಸಿ ಆಗ ಚಿಗುರಿತ್ತು ನಿಮಗ."

"ಎಷ್ಟು ಸಲ ಕೂಗಿದ್ನೋ."

"ಉಸುರು ಬಿಡದ ಕೂಗಾಕತ್ತಿದ್ರಿ. ನಾ ಓ ಅಂದದ್ದು ನಿಮ್ಮ ಕೂಗಿನಾಗ ಮುಚ್ಚಿ ಹೋಗ್ತಿತ್ತು."

ದುರುಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಆಮ್ಯಾಲ ಒಬ್ಬಾಕಿ ಮುದುಕಿ ನನ್ನ ತೋಳು ಹಿಡಿದ್ಲು," ಎಂದರು ಅಜ್ಜಾರು. "ಒಂದು ಸಲ ಕೂಗಿ ಸುಮ್ನಾಗೋ ಅಂದ್ಲು. ಸುಮ್ನಾದೆ. ನಿನ್ನ ಓ ಕೇಳಿಸ್ತು."

"ಆಗ ಎಲ್ಲಾರೂ ಹಂಗ ಇದ್ರಲ್ರಿ. ಓ ಕೇಳಿಸಿದ ಮ್ಯಾಲೆ ಗಂಟು ಇಳಿಸಿ, ಎಲಿ ಅಡಿಕಿ ಬಿಚ್ಚತಿದ್ರು. ನಾ ಹೋಗಿ ಮುಟ್ಟೋದು ಎಷ್ಟ ತಡಾ ಆಗ್ಲಿ, ಯಾರೂ ಬೈತಿರಲಿಲ್ಲ." ಹುಲಿಗೆಪ್ಪ ಬಾಗಿಲಿನಾಚೆ ನೀರನ್ನು ನೋಡಿದ. "ಈಗ ಯಾರು ಕೂಗ್ತಾರ್ರಿ. ಭರ್ ಅಂತ ಸೇತುವಿ ಮ್ಯಾಲೆ ಹೋಗಿಬಿಡ್ತಾರ."

 

ದುರುಗವ್ವ ರೊಟ್ಟಿ ಮುರಿದು ಹಾಲಿಗೆ ಹಾಕಿ ತಂದಳು. ಹುಲಿಗೆಪ್ಪ ತಿಂದ.

ಅಂದು ಮಧ್ಯಾಹ್ನವೇ ಪಂಪಣ್ಣ ಪೆಟ್ಟಿಗೆಯನ್ನು ಮಾಳಿಗೆಯಿಂದ ಬಿಚ್ಚಿದ. ಮೆಟ್ಟಿಲುಗಳ ನಡುವೆ ಒಂದು ಕಲ್ಲು ಮಂಟಪವಿತ್ತು. ಅಲ್ಲಿಯ ತನಕ ತಂತಿ ಎಳೆದು, ಕಂಬಕ್ಕೆ ಕಟ್ಟಿದ. ಈಗ ಫೋನಿನ ಸಣ್ಣ ದನಿಯೂ ಪೆಟ್ಟಿಗೆಗೆ ಮುಟ್ಟುವಷ್ಟು ಹತ್ತಿರವಾಯಿತು. ದೊಡ್ಡದು ಎಂಬುದನ್ನು ಅಳಿಸಿ ಸಣ್ಣದು ಎಂದು ಒತ್ತಿದ. ಪಕ್ಕದ ಆರೋಗ್ಯ ಕೇಂದ್ರದ ಪೆಟ್ಟಿಗೆಯೂ ಅದೇ ಚಾನೆಲ್‌ನಲ್ಲಿ, ಅಂದರೆ ಅದೇ ದಾರಿಯಲ್ಲಿ, ಮಾತಾಡಿ ದನಿಯನ್ನು ತುಂಡು ಮಾಡುತ್ತಿದ್ದುದನ್ನು ಈಗ ಗಮನಿಸಿ, ತಮ್ಮದನ್ನು ಖಾಲಿ ಇದ್ದ ಚಾನೆಲ್‌ಗೆ ಸರಿಸಿದ.

ಫೋನನ್ನು ಮತ್ತೆ ಹುಲಿಗೆಪ್ಪನ ದಿಂಬಿನ ಪಕ್ಕ ಇಟ್ಟ, ಆದರೆ ಈ ಸಲ ಗೆರೆಗಳನ್ನು ನೋಡಲಿಲ್ಲ. ಮೇಲಿನ ಭಜನೆಯ ಮನೆಗೆ ಹೋಗಿ ಕರೆ ಮಾಡಿದ.

"ಕಾಕಾ, ಏನರ ಹೇಳ್ರಿ."

"ಏನ್ ಹೇಳ್ಲಿ?"

ಅಷ್ಟೇ ಮಾತು. ಎದುರು ಕುಳಿತು ಹೇಳಿದಷ್ಟು ಸ್ಪಷ್ಟ. ಪಂಪಣ್ಣ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ.

"ಹೇಳೋ ತಮ್ಮಾ, ಏನ್ ಹೇಳ್ಲಿ?" ಎಂದು ಫೋನು ಮತ್ತೆ ಕೇಳಿತು.

"ಏನೂ ಬ್ಯಾಡ್ರಿ ಕಾಕಾ. ಕೇಳ್ಸಾಕತ್ತೈತಿ."

ಸಂಜೆ ಎಲ್ಲರೂ ಸೇರಿದರು. ಹುಲಿಗೆಪ್ಪ ಕೂರುತ್ತಿದ್ದ ಚಾಪೆಯ ಮೇಲೆ ಪಂಪಣ್ಣನ ಫೋನು ಇಟ್ಟಿದ್ದರು. ಏಕತಾರಿ ಮಿಡಿಯಿತು. ಮೊದಲ ಪದ ಹಾಡುತ್ತ ಹಾಡುತ್ತ ಕೊನೆಗೆ ಬಂತು. ತಿಂಗಳುಗಟ್ಟಲೆ ಬಿಟ್ಟು ಹಾಡಿದ ಸೊಲ್ಲು. ಎಲ್ಲರೂ ನಿಲ್ಲಿಸಿ ಚಾಪೆಯ ಕಡೆ ನೋಡಿದರು.

ಫೋನಿನಿಂದ ಹಾಡು ಬರಲಿಲ್ಲ.

ಪಂಪಣ್ಣ ತಾನೇ ಆ ಸೊಲ್ಲು ಎತ್ತಿ ಬಿಡೋಣವೆಂದು ತಾಳ ಮೇಲೆತ್ತಿ ಬಾಯಿ ತೆರೆದ.

ಅಜ್ಜಾರು ಅವನ ಮುಂಗೈ ಹಿಡಿದರು. ಫೋನಿನ ಕಡೆ ಬಾಗಿ ಕಿವಿಗೊಟ್ಟರು.

"ತಡಿಯೋ ಪಂಪಣ್ಣ. ಅವ ಉಸುರು ತಗೊಳ್ಳಾಕತ್ತಾನ."