ಹತ್ತು ಮುದ್ದರಸರು, ಒಂದು ವೀಳ್ಯ

ಕಂಚಿನಕೋಟೆಯ ರಾಜ ಮುದ್ದರಸನಿಗೆ ತನ್ನ ಮುಖ ಕಂಡರೆ ತನಗೇ ಬಲು ಮುದ್ದು. ಬೆಳಿಗ್ಗೆ ಕನ್ನಡಿ ಮುಂದೆ ಮೀಸೆ ತೀಡುತ್ತಾ ನಿಂತನೆಂದರೆ, ಸ್ನಾನದ ನೀರು ಆರಿ, ಮತ್ತೆ ಕಾದು, ಮತ್ತೆ ಆರುತ್ತಿತ್ತು.

ಒಂದು ದಿನ ತುಂಬಿದ ಸಭೆಯಲ್ಲಿ ಅಂದ: "ನನ್ನಂಥವನು ಒಬ್ಬನೇ ಇರೋದು ಲೋಕಕ್ಕೇ ಅನ್ಯಾಯ!"

ಹಾಗೆ ಅನ್ನೋದೇ ತಡ, ಉದ್ದ ಗಡ್ಡದ ಸಿದ್ಧನೊಬ್ಬ ತಾಮ್ರದ ಹಂಡೆ ಹೊತ್ತು ಬಂದ.

"ಪ್ರಭೂ, ತಮ್ಮ ಉಗುರಿನ ಒಂದು ಚೂರು ಕೊಡಿ. ಈ ಹಂಡೆಗೆ ಹಾಕಿ ನೂರು ಮುದ್ದರಸರನ್ನು ತೆಗೆದುಕೊಡ್ತೀನಿ. ಅದೇ ಮೀಸೆ, ಅದೇ ನಡಿಗೆ, ಅದೇ ಸಿಟ್ಟು. ಕೂದಲೆಳೆಯಷ್ಟೂ ವ್ಯತ್ಯಾಸ ಇರೋದಿಲ್ಲ."

ರಾಜ ಹಿಗ್ಗಿ ಹೀರೇಕಾಯಿಯಾದ.

ಮಂತ್ರಿ ತಲೆ ಕೆರೆದುಕೊಂಡ. "ಪ್ರಭೂ, ಒಬ್ಬ ರಾಜನ ಊಟಕ್ಕೇ ಅಡಿಗೆಮನೆ ಏದುಸಿರು ಬಿಡ್ತಾ ಇದೆ. ನೂರು ರಾಜರಿಗೆ ಅನ್ನ ಎಲ್ಲಿಂದ, ಜಾಗ ಎಲ್ಲಿಂದ?"

"ರಾಜರು ಹೆಚ್ಚಾಗಿಲ್ಲ ಕಣಯ್ಯಾ, ಜನ ಹೆಚ್ಚಾಗಿದ್ದಾರೆ! ಆ ಹೊಳೆದಂಡೆಯ ಕೇರಿ ನೋಡು. ಮನೆಗೊಂದು ತೊಟ್ಟಿಲು, ತೊಟ್ಟಿಲಿಗೆರಡು ಕೂಸು. ಅಮಾವಾಸ್ಯೆಯೊಳಗೆ ಅಷ್ಟೂ ಜನರನ್ನು ಹೊಳೆಯಾಚೆಯ ಕಾಡಿಗೆ ದಾಟಿಸು. ಕೇರಿಯ ಜಾಗದಲ್ಲಿ ನನ್ನವರಿಗೆ ಅರಮನೆ ಏಳಲಿ."

ಸಿಂಹಾಸನದ ಪಕ್ಕ ಎಲೆಗೆ ಸುಣ್ಣ ಸವರುತ್ತಿದ್ದ ನಿಂಗವ್ವನ ಕೈ ಅಲ್ಲೇ ನಿಂತಿತು. ಅವಳು ಅರಮನೆಯ ಹಡಪದವಳು; ರಾಜನ ಎಲೆಯಡಿಕೆ ಚೀಲ ಹೊರುವವಳು. ಅವಳ ಮಗಳು ಚಂದ್ರವ್ವ ಇರೋದು ಅದೇ ಕೇರಿಯಲ್ಲಿ, ತುಂಬು ಬಸುರಿ. ಇಂದೋ ನಾಳೆಯೋ ಅನ್ನೋ ಹೆಣ್ಣನ್ನು ಕಾಡಿಗೆ ಅಟ್ಟಿದರೆ ತಾಯಿಯೂ ಉಳಿಯಳು, ಕೂಸೂ ಉಳಿಯದು.

ಅತ್ತರೆ ಕರಗೋ ರಾಜ ಅಲ್ಲ ಅವನು. ನಿಂಗವ್ವ ಸುಣ್ಣದ ಬೆರಳು ಒರೆಸಿಕೊಂಡು ನಕ್ಕಳು.

"ಬಲು ಒಳ್ಳೇ ಯೋಚನೆ ಬುದ್ದೀ! ಆದ್ರೆ ಆಳುಕಾಳುಗಳಿಗೆ ಒಬ್ಬ ರಾಜನದೇ ರೂಢಿ. ಒಮ್ಮೆಗೇ ನೂರು ಜನ ಬಂದ್ರೆ ಗಾಬರಿಬೀಳ್ತಾರೆ. ಊರಿಗೆ ಹಗಲುವೇಷದವರು ಬಂದಿದ್ದಾರಲ್ಲ, ಅವರಲ್ಲಿ ಒಂಬತ್ತು ಜನಕ್ಕೆ ತಮ್ಮ ವೇಷ ಹಾಕಿಸಿ ಒಂದು ದಿನ ಅಭ್ಯಾಸ ಮಾಡಿಸೋಣ."

"ಭೇಷ್! ನಾಳೆ ಹೊತ್ತು ಮುಳುಗೋ ತನಕ ಹತ್ತೂ ಜನ ನಾನೇ. ಯಾರು ಹೇಳಿದರೂ ಅದು ರಾಜಾಜ್ಞೆ!" ಅಂತ ರಾಜ ಡಂಗುರ ಹೊಡೆಸಿಯೇಬಿಟ್ಟ.

ನಿಂಗವ್ವ ವೇಷದವರಿಗೆ ಹೇಳಿದ್ದು ಇಷ್ಟೇ: "ಅವನು ಏನು ಮಾಡ್ತಾನೋ ಅದನ್ನೇ ಮಾಡಿ. ಏನು ಅಂತಾನೋ ಅದನ್ನೇ ಅನ್ನಿ."

ಬೆಳಗಾಯಿತು. ರಾಜ ಎಣ್ಣೆಸ್ನಾನಕ್ಕೆ ಮಣೆ ಮೇಲೆ ಕೂತ. ಒಂಬತ್ತು ರಾಜರೂ ಬಂದು ಒತ್ತಿಕೊಂಡು ಕೂತರು. ಎಣ್ಣೆ ತಿಕ್ಕುವವನು ಗಡಿಬಿಡಿಯಲ್ಲಿ ಒಬ್ಬನಿಗೆ ಎಣ್ಣೆ ಹಚ್ಚಿ ಇನ್ನೊಬ್ಬನಿಗೆ ಸೀಗೆಪುಡಿ ಉಜ್ಜಿದ. ಎಣ್ಣೆಯಲ್ಲೇ ಉಳಿದವನು ನಿಜವಾದ ರಾಜ. ಊಟಕ್ಕೆ ಕೂತರೆ, ಹೋಳಿಗೆಯ ತಟ್ಟೆ ಅವನ ಎಲೆಗೆ ಬರೋ ಹೊತ್ತಿಗೆ ಬರೀ ತುಪ್ಪದ ವಾಸನೆ.

ಪಟ್ಟದ ರಾಣಿ ಹತ್ತೂ ಜನರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಆ ಕೊನೆಯವನಿಗೆ ಹೊಟ್ಟೆ ಸ್ವಲ್ಪ ಕಡಿಮೆ. ಅವನಿರಲಿ, ಮಿಕ್ಕವರನ್ನ ಕಳಿಸಿ," ಅಂದಳು.

ರಾಜ ಕೊನೆಯವನಾಗಿರಲಿಲ್ಲ.

ಆ ಆಸ್ಥಾನದಲ್ಲೊಂದು ಪದ್ಧತಿ. ದರ್ಬಾರಿನ ಮೊದಲ ವೀಳ್ಯ ಯಾರ ಕೈ ಸೇರಿತೋ ಅವತ್ತಿನ ಕೊನೆಯ ಮಾತು ಅವರದು. ನಿಂಗವ್ವ ವೀಳ್ಯ ಮಡಿಸಿ "ಬುದ್ದೀ" ಅಂತ ಎತ್ತಿದಳು. ಹತ್ತು ಕೈ ಚಾಚಿದವು.

"ಕೊಡೇ ಇಲ್ಲಿ, ರಾಜ ನಾನು!" ಅಂದ ರಾಜ.

"ಕೊಡೇ ಇಲ್ಲಿ, ರಾಜ ನಾನು!" ಅಂದವು ಒಂಬತ್ತು ಗಂಟಲು.

ರಾಜನ ನೆತ್ತಿಗೆ ಪಿತ್ತ ಏರಿತು. "ಹೆಚ್ಚಾದರು ಇವರು! ಹಿಡಿದು ಹೊಳೆ ದಾಟಿಸ್ರೋ!" ಅಂತ ಎದುರಿದ್ದವರ ಕಡೆ ಬೆರಳು ಮಾಡಿದ.

"ಹೆಚ್ಚಾದ ಇವನು! ಹಿಡಿದು ಹೊಳೆ ದಾಟಿಸ್ರೋ!" ಒಂಬತ್ತು ಬೆರಳು ಅವನ ಕಡೆಗೇ ತಿರುಗಿದವು.

ದಳವಾಯಿ ಒಂದು ಗಳಿಗೆ ಯೋಚಿಸಿದ. "ಒಂದು ರಾಜಾಜ್ಞೆಗಿಂತ ಒಂಬತ್ತು ರಾಜಾಜ್ಞೆ ದೊಡ್ಡದು. ಎತ್ರೋ!" ಅಂದ.

"ನಿಂಗವ್ವಾ! ನಾನು ಯಾರು ಅಂತ ನಿನಗೆ ಗೊತ್ತಿಲ್ವೇನೇ?"

"ಗೊತ್ತಿಲ್ದೆ ಏನು ಬುದ್ದೀ, ತಾವು ರಾಜರು. ಅವರೂ ತಾವೇ. ತಮ್ಮನ್ನ ತಾವೇ ಹೊರಗೆ ಹಾಕ್ತಾ ಇದ್ರೆ ಎಲೆಯಡಿಕೆ ಹೊರೋಳು ನಾನು ಮಧ್ಯೆ ಬಾಯಿ ಹಾಕೋದೇ?"

ರಾಜನನ್ನು ಹೊತ್ತುಕೊಂಡು ಹೊಳೆಗೆ ಹೋದರು. ಹಿಂದೆ ಒಂಬತ್ತು ರಾಜರು, ಅವರ ಹಿಂದೆ ಯಾರ ಕೈಗೂ ಸೇರದ ವೀಳ್ಯ ಹಿಡಿದ ನಿಂಗವ್ವ, ಕೊನೆಗೆ ಪಲ್ಲಕ್ಕಿಯಲ್ಲಿ ರಾಣಿ; ಇಂಥ ಮೋಜು ಬಿಡೋದುಂಟೇ? ಹಂಡೆಯ ಸಿದ್ಧ ಮಾತ್ರ ದಾರಿಯಲ್ಲೇ ಕಾಲಿಗೆ ಬುದ್ಧಿ ಹೇಳಿದ್ದ.

ದೋಣಿ ದಡ ಬಿಟ್ಟಿತು. ಆಚೆಯ ಕಾಡು ಕತ್ತಲೆಯಾಗಿ ಕಂಡಿತು. ಅಲ್ಲಿಂದ ಏನೋ ಊಳಿಟ್ಟಿತು. ರಾಜ ಧಡಕ್ಕನೆ ಎದ್ದ ರಭಸಕ್ಕೆ ದೋಣಿ ವಾಲಿ, ಧೋತರವೆಲ್ಲ ಒದ್ದೆಯಾಯಿತು.

"ನಿಲ್ಲಿಸ್ರೋ! ಯಾರನ್ನೂ ಹೊಳೆ ದಾಟಿಸಬೇಡಿ!"

"ಯಾರನ್ನೂ ಹೊಳೆ ದಾಟಿಸಬೇಡಿ!" ಅಂತ ದಡದಿಂದ ಒಂಬತ್ತು ರಾಜರು.

ದಳವಾಯಿ ಕೈಮುಗಿದ. "ಅಪ್ಪಣೆ! ಈ ಸಲ ಹತ್ತೂ ರಾಜರ ಆಜ್ಞೆ ಒಂದೇ ಆಯ್ತು."

"ಯಾರನ್ನೂ ಅಂದ್ರೆ ಕೇರಿಯವರೂ ಸೇರಿಯೇ ಅಲ್ವಾ ಬುದ್ದೀ?" ದಡದಿಂದ ನಿಂಗವ್ವ ಕೂಗಿದಳು. "ಜನ ಹೆಚ್ಚಾದರು ಅನ್ನೋನು ಯಾವತ್ತೂ ತನ್ನನ್ನ ಬಿಟ್ಟೇ ಎಣಿಸ್ತಾನೆ. ತಮ್ಮನ್ನೂ ಸೇರಿಸಿ ಎಣಿಸೋರು ತಮಗೆ ಇವತ್ತು ಸಿಕ್ಕಿದ್ರು."

"ಸೇರಿಯೇ ಕಣೇ! ಮೊದಲು ದಡ ಮುಟ್ಟಿಸು!"

ದಡ ಮುಟ್ಟಿದ ಮೇಲೂ ರಾಜನಿಗೆ ಆಸೆ ಹೋಗಲಿಲ್ಲ. ಒದ್ದೆ ಧೋತರ ಹಿಂಡಿಕೊಳ್ಳುತ್ತಾ ಮೆಲ್ಲಗೆ ಕೇಳಿದ: "ಆದರೂ ನಿಂಗವ್ವ, ನನ್ನ ಕಾಲ ಆದಮೇಲೆ ನನ್ನಂಥವನು ಈ ರಾಜ್ಯಕ್ಕೆ ಬೇಡವೇನೇ?"

"ತಮ್ಮಂಥವರನ್ನ ಮಾಡೋಕೆ ಒಂದು ಉಗುರು ಸಾಕು ಬುದ್ದೀ. ತಮಗಿಂತ ಒಳ್ಳೆಯವರು ಬೇಕಾದ್ರೆ ಮಾತ್ರ ಇಬ್ಬರು ಬೇಕು. ಅದರಲ್ಲೊಬ್ಬಳು ಹೆಂಗಸಾಗಿರಬೇಕು!"

ಮೊದಲು ನಕ್ಕವಳು ಪಲ್ಲಕ್ಕಿಯೊಳಗಿನ ರಾಣಿ. ಆಮೇಲೆ ರಾಜನೂ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಮುತ್ತಿನ ಸರ ತೆಗೆದು ನಿಂಗವ್ವನ ಕೈಗೆ ಹಾಕಿದ.

ಹೊತ್ತು ಇನ್ನೂ ಮುಳುಗಿರಲಿಲ್ಲ ನೋಡಿ. ಒಂಬತ್ತು ರಾಜರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಾಗಿ ಬಂದು, ತಮ್ಮ ತಮ್ಮ ಗಾಜಿನ ಸರ ತೆಗೆದು ಅವಳ ಕೈಗೆ ಹಾಕಿದರು.